ಎರಡನೆಯ ಬೋಟು

ಹಾಯಿಯನ್ನು ಅಂಗಳದ ಹಾಸುಗಲ್ಲಿನ ಮೇಲೆ ಮಗುಚಿ ಹಾಕಿ, ಪುಷ್ಪಲತಾ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ನೀರು ಮತ್ತೆ ಕೆಂಪಾಯಿತು. ಇಷ್ಟು ಬೆಳ್ಳಗಿದ್ದ ಹಾಯಿಯೊಳಗೆ ಈ ಖಾರದ ಪುಡಿಯೆಲ್ಲ ಎಲ್ಲಿ ಅಡಗಿ ಕೂತಿತ್ತೋ. ಹೊಲಿಗೆಯ ಮಡಿಕೆಗಳಲ್ಲಿ, ಹಗ್ಗ ಪೋಣಿಸುವ ತೂತುಗಳ ಸುತ್ತ, ಬೆರಳಿಟ್ಟು ಒತ್ತಿದಲ್ಲೆಲ್ಲ ಸಣ್ಣಗೆ ಉದುರುತ್ತಿತ್ತು.

ಇನ್ನೊಂದು ತುದಿಯನ್ನು ಒರೆಸುತ್ತಿದ್ದ ಜಯವ್ವ ಜೋರಾಗಿ ಸೀನಿ, ತನ್ನ ಸೀನಿಗೆ ತಾನೇ ಬೆರಗಾಗಿ ನೋಡಿದಳು.

"ನೋಡ್ರಿ ಅಕ್ಕಾರ, ಮದುವಿ ಆಗಿ ಬಂದಾಗಿಂದ ನಿಮ್ಮ ಗೋದಾಮಿನ್ಯಾಗ ಕಾಯಿ ತೊಟ್ಟು ಮುರದೇನಿ. ಒಂದಿನ ಸೀನಿದಾಕಿ ಅಲ್ಲ. ಈ ದೋಣಿ ಬಟ್ಟಿ ಮುಟ್ಟಿದ ಕೂಡ್ಲೆ ನಾನೂ ಪರದೇಶದಾಕಿ ಆಗಿಬಿಟ್ಟೆ."

"ಹಂಗಾರ ನಾಳೆ ನೀನೂ ಒಂದು ದೋಣಿ ಹತ್ತು."

"ಹತ್ತೇನ್ರಿ. ನನ್ನ ಭಾರಕ್ಕ ಕೆರಿ ನೀರು ಕೋಡಿ ದಾಟಿ ಕದರಮಂಡಲಗಿ ಮುಟ್ಟತೈತಿ."

ನಗುವ ಮಾತೇ. ಪುಷ್ಪಲತಾಳಿಗೆ ನಗು ಬರಲಿಲ್ಲ. ನಡುಮನೆಯ ಆಚೆಗಿನ ಕೋಣೆಯಲ್ಲಿ ದಿಲನಾಜ ಎಂಬ ಊರಿನದೇ ಹದಿನೈದರ ಹುಡುಗಿ ಹಾಲಿನಲ್ಲಿ ಅದ್ದಿದ ಅರಳೆಯನ್ನು ಕಣ್ಣ ಮೇಲಿಟ್ಟುಕೊಂಡು ಮಲಗಿದ್ದಳು. ಅವತ್ತು, ಶುಕ್ರವಾರ ಬೆಳಿಗ್ಗೆ, ಹಿರೇಕೆರೆಯಲ್ಲಿ ಪಂದ್ಯದ ಅಭ್ಯಾಸಕ್ಕೆ ಇಳಿದಾಗ ಆಕೆಯ ದೋಣಿ ಮಗುಚಿತ್ತು.

ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಸಂಘಕ್ಕೆ ಐವತ್ತು ತುಂಬಿದ ವರ್ಷ. ಸಂಘದ ಅಧ್ಯಕ್ಷ ಪರಮೇಶಪ್ಪ, ಪುಷ್ಪಲತಾಳ ಗಂಡ. ಕುಸ್ತಿ ಎಲ್ಲರೂ ಮಾಡಿಸುತ್ತಾರೆ, ಕಬಡ್ಡಿ ಎಲ್ಲರೂ ಮಾಡಿಸುತ್ತಾರೆ, ನಮ್ಮದು ಯಾರೂ ಮಾಡದ್ದು ಆಗಬೇಕು ಎಂದು ಆತ ಹಟ ಹಿಡಿದಿದ್ದ. ನೌಕಾಪಡೆಯಿಂದ ನಿವೃತ್ತನಾಗಿ ರಾಣೆಬೆನ್ನೂರಿಗೆ ಬಂದು, ಕುಮಾರಪಟ್ಟಣದ ಹತ್ತಿರ ಹೊಳೆಯಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸುತ್ತಿದ್ದ ಶಂಭುಲಿಂಗ ಆ ಹೊತ್ತಿಗೇ ಆತನ ಕಣ್ಣಿಗೆ ಬಿದ್ದ. ಹೊಳೆಯ ನೀರು ಪೈಪಿನಲ್ಲಿ ಬಂದು ಹಿರೇಕೆರೆ ತುಂಬಿ ನಿಂತಿತ್ತು. ಶನಿವಾರ, ಭಾನುವಾರ ಎರಡು ದಿನ ಹಾಯಿದೋಣಿಗಳ ಪಂದ್ಯ ಎಂದು ನಿಕ್ಕಿಯಾಯಿತು. ಕಾರವಾರದಿಂದ, ಹೈದರಾಬಾದಿನಿಂದ ಮಕ್ಕಳು ಬರುವುದಾಯಿತು.

ಆಮಂತ್ರಣ ಪತ್ರಿಕೆಯಲ್ಲಿ ಪುಷ್ಪಲತಾಳ ಹೆಸರು ಕೆಳಗೆ, ಅತಿಥಿಗಳಿಗೆ ಆರತಿ ಎಂಬ ಸಾಲಿನ ಮುಂದೆ ಇತ್ತು. ಮಾಡಿದ್ದೆಲ್ಲ ಆಕೆಯೇ. ಹುಡುಗಿಯರಿಗೆ ಕಲ್ಯಾಣಮಂಟಪದ ಮಹಡಿ, ಹುಡುಗರಿಗೆ ಹಾಸ್ಟೆಲ್ಲು, ಖಾರ ತಿನ್ನಲಾರದವರಿಗೆ ಬೇರೆ ಒಲೆ, ದೋಣಿಗಳನ್ನು ಕೆರೆಯ ಏರಿಯಿಂದ ಕೆಳಗಿಳಿಸಲು ಟ್ರ್ಯಾಕ್ಟರು, ದಂಡೆಯಲ್ಲಿ ಆಂಬುಲೆನ್ಸು, ಮೋಟಾರ್ ಬೋಟುಗಳಿಗೆ ಪೆಟ್ರೋಲು. ಮಗಳು ಭುವನಾಳ ಮದುವೆ ಮಾಡಿದ ಅನುಭವವೇ ಸಾಕಾಗಿತ್ತು. ಮದುವೆಗಿಂತ ಇದು ಸುಲಭ, ಇಲ್ಲಿ ಮುನಿಸಿಕೊಳ್ಳುವವರು ಕಡಿಮೆ ಎಂದು ಆಕೆ ಜಯವ್ವನ ಮುಂದೆ ಅಂದಿದ್ದೂ ಇತ್ತು.

ಗುರುವಾರ ದೋಣಿಗಳ ಲಾರಿ ಬಂದಾಗ ಮಳೆ ಜಿನುಗುತ್ತಿತ್ತು. ಹಾಯಿಗಳನ್ನು ಇಡಬೇಕೆಂದಿದ್ದ ಶಾಲೆಯ ಸಭಾಂಗಣ ಸೋರುತ್ತಿತ್ತು. ಶಂಭುಲಿಂಗ ರಾಣೆಬೆನ್ನೂರಿನ ಸ್ಟೇಷನ್ನಿನಲ್ಲಿ ಹೊರಗಿನ ಮಕ್ಕಳನ್ನು ಎದುರುಗೊಳ್ಳಲು ನಿಂತಿದ್ದ. ಹಾಯಿ ಒದ್ದೆಯಾಗಬಾರದು, ಗಾಳಿಯಾಡುವಲ್ಲಿ ಹರವಿಡಿ ಎಂದು ಮಾತ್ರ ಫೋನಿನಲ್ಲಿ ಹೇಳಿದ್ದ. ನಮ್ಮ ಗೋದಾಮು ಖಾಲಿ ಇದೆ, ಗುಡಿಸಿದ್ದೂ ಆಗಿದೆ ಎಂದು ಆಕೆ ಅಲ್ಲಿಗೇ ಹೊರಿಸಿದಳು. ಸುಗ್ಗಿಯ ಕಾಲದಲ್ಲಿ ಸೂರಿನವರೆಗೆ ಮೆಣಸಿನಕಾಯಿ ಚೀಲಗಳಿದ್ದ ಜಾಗ. ನೆಲ ಗುಡಿಸಿದ್ದು ನಿಜ. ಗೋಡೆಯ ಸಂದಿಯಲ್ಲಿ, ತೊಲೆಗಳ ಮೇಲೆ ವರ್ಷಗಟ್ಟಲೆ ಕೂತ ಪುಡಿಯನ್ನು ಗುಡಿಸಿದವರು ಯಾರು? ರಾತ್ರಿಯ ಗಾಳಿಗೆ ಅದು ಸುಮ್ಮನೆ ಇಳಿದು ಹಾಯಿಗಳ ಮೇಲೆ ಹಾಸಿಕೊಂಡಿತ್ತು.

ಒಳಗೆ ಹೋಗಿ ಬಂದ ಹತ್ತು ಜನರಲ್ಲಿ ಒಬ್ಬರಿಗೂ ಘಾಟು ಹತ್ತಲಿಲ್ಲ. ಈ ಊರಿನವರ ಮೂಗೇ ಹಾಗೆ. ಮದುವೆಯಾಗಿ ರಾಣೆಬೆನ್ನೂರಿನಿಂದ ಬಂದ ಹೊಸದರಲ್ಲಿ ಪುಷ್ಪಲತಾ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸುತ್ತಿದ್ದಳು. ರೂಢಿ ಆಗುತ್ತದೆ ಎಂದು ಅತ್ತೆ ನಕ್ಕಿದ್ದರು. ಆಯಿತು. ಯಾವ ದಿನ ಕೆಮ್ಮು ನಿಂತಿತು ಎಂದು ಕೇಳಿದರೆ ಈಗ ಆಕೆಗೆ ನೆನಪಿಲ್ಲ.

ಅವತ್ತು ಬೆಳಿಗ್ಗೆ ಕೋಡಿಯ ಕಡೆ ದೋಣಿ ತಿರುಗಿಸುವಾಗ ಹಾಯಿ ಪಟಪಟನೆ ಕೊಡವಿಕೊಂಡು, ಪುಡಿಯೆಲ್ಲ ದಿಲನಾಜಳ ಮುಖಕ್ಕೆ ಬಿತ್ತು. ಹುಡುಗಿ ಕಣ್ಣುಜ್ಜಿಕೊಂಡಳು. ಕೈಗೂ ಅದೇ ಹತ್ತಿತ್ತು. ಒಬ್ಬರೇ ಕೂತು ನಡೆಸುವ ಪುಟ್ಟ ದೋಣಿ, ಹಿಡಿದ ಹಗ್ಗ ಕೈಬಿಟ್ಟಿತು, ದೋಣಿ ಮಗುಚಿ ಆಕೆ ಹಾಯಿಯ ಅಡಿಗೆ ಸಿಕ್ಕಿಕೊಂಡಳು.

ಶಂಭುಲಿಂಗ ಬಂದಾಗ ಹಾಯಿಗಳು ಹಗ್ಗದ ಮೇಲೆ ಒಣಗುತ್ತಿದ್ದವು. ಒಂದನ್ನು ಮೂಗಿಗೆ ಹಿಡಿದು ನೋಡಿ ತಲೆಯಾಡಿಸಿದ. ಪುಷ್ಪಲತಾ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು.

"ನಂದ ತಪ್ಪರಿ ಸರ. ಗೋದಾಮಿನ್ಯಾಗ ಇಡ್ರಿ ಅಂದಾಕಿ ನಾನು."

"ಹಾಯಿ ಮಾತು ಬಿಡ್ರಿ ಅಕ್ಕಾರ. ತಪ್ಪಾತು, ತೊಳದ್ರಿ, ಮುಗೀತು. ದೋಣಿ ಮಗಚೂದು ಈ ಆಟದಾಗ ದಿನಾ ಇದ್ದದ್ದ. ಅದಕ್ಕಂತನ ಎರಡು ಮೋಟಾರ್ ಬೋಟು ನಿಲ್ಲಸೂದು. ನನಗ ಒಂದ ಹೇಳ್ರಿ, ಎರಡನೇ ಬೋಟು ಎಲ್ಲಿತ್ತು?"

ಆಕೆಗೆ ಗೊತ್ತಿತ್ತು. ಆತನಿಗೂ ಗೊತ್ತಿತ್ತು. ಕೆರೆಯ ನಡುವಿನ ಕಲ್ಲು ಮಂಟಪದ ಹತ್ತಿರ ಅದು ಸುತ್ತು ಹೊಡೆಯುತ್ತಿತ್ತು. ಒಳಗೆ ಹಾವೇರಿಯ ಬೀಗರು, ಅಂದರೆ ಭುವನಾಳ ಮಾವ ಸಿದ್ದಲಿಂಗಪ್ಪನವರು, ತಮ್ಮ ಕಡೆಯ ಇಬ್ಬರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಜಾಗ ಸಾಲದೆಂದು, ನೀರಿಗೆ ಧುಮುಕಿ ಎತ್ತಬೇಕಾದ ಸುಭಾಷನನ್ನು ದಂಡೆಯಲ್ಲೇ ಇಳಿಸಿದ್ದರು. ಕೆರೆಯ ಆ ತುದಿಯಿಂದ ಶಂಭುಲಿಂಗ ತನ್ನ ಬೋಟು ಓಡಿಸಿಕೊಂಡು ಬಂದು ಹುಡುಗಿಯನ್ನು ಎಳೆದುಕೊಳ್ಳುವ ಹೊತ್ತಿಗೆ ಆಕೆಯ ತುಟಿ ನೀಲಿಯಾಗಿತ್ತು.

"ನಾಳೆ ಮೂವತ್ತು ದೋಣಿ ನೀರಾಗ ಇರ್ತಾವ. ಗಾಳಿ ಇವತ್ತಿಗಿಂತ ಜೋರು ಐತಿ ಅಂತಾರ. ಒಂದ ಬೋಟಿನಾಗ ಎರಡೂ ಕಡೆ ಕಾಯಾಕ ಆಗಂಗಿಲ್ಲ."

"ಇವರಿಗೆ ಹೇಳೀರೇನ್ರಿ?"

"ಸಾವಕಾರರಿಗೆ ಹೇಳಿದೆ. ಆತು ಆತು ಅಂದ್ರು. ಅವರು ಎಲ್ಲಾರಿಗೂ ಆತು ಅಂತಾರ್ರಿ, ತಪ್ಪ ತಿಳಕೊಬ್ಯಾಡ್ರಿ. ಸೀಟಿ ಊದೂಮಟ ನನ್ನ ಕೈಯಾಗ ಐತಿ. ಒಮ್ಮೆ ದೋಣಿ ಹೋದಮ್ಯಾಲ ದಂಡಿಮ್ಯಾಗ ಯಾರು ಯಾವ ಬೋಟು ಹತ್ತಿದ್ರು ಅನ್ನೂದು ನನಗ ಕಾಣಂಗಿಲ್ಲ. ಅದಕ್ಕ ನಿಮ್ಮನ್ನ ಕೇಳಾಕತ್ತೇನಿ. ಬೋಟಿನಾಗ ನಡಸಾಂವ ಇರ್ಬೇಕು, ಸುಭಾಷ ಇರ್ಬೇಕು, ಒಬ್ಬರು ದೋಣಿ ಮ್ಯಾಲೆ ಕಣ್ಣಿಟ್ಟು ಕುಂದ್ರಾವ್ರು ಇರ್ಬೇಕು, ಎತ್ತಿಕೊಂಡವರಿಗೆ ಒಂದು ಜಾಗ ಇರ್ಬೇಕು. ಅಷ್ಟಕ್ಕ ಅದು ತುಂಬತೈತಿ."

"ನೋಡ್ತೇನ್ರಿ ಸರ" ಎಂದಳು.

ಆತ ಚಪ್ಪಲಿ ಮೆಟ್ಟಿಕೊಂಡು ಹೋದ.

ಒಳಗೆ ದಿಲನಾಜ ಅರಳೆಯನ್ನು ತೆಗೆದು ಎದ್ದು ಕೂತಿದ್ದಳು. ಕಣ್ಣುಗಳು ಇನ್ನೂ ಕೆಂಡದಂತಿದ್ದವು. ಪುಷ್ಪಲತಾ ಹಾಸಿಗೆಯ ಅಂಚಿನಲ್ಲಿ ಕೂತಳು.

"ಅಮ್ಮಾರ, ಅಬ್ಬಾಗ ಹೇಳಬ್ಯಾಡ್ರಿ."

"ಯಾಕವಾ?"

"ಕಳಸಂಗಿಲ್ರಿ. ಹುಡುಗಿ ಆಗಿ ಯಾಕ ಬೇಕಿತ್ತು ಅಂತ ಮನ್ಯಾಗ ಎಲ್ಲಾರೂ ಅಂದ್ರೂ ಅಬ್ಬಾ ಒಬ್ರ ಹೂಂ ಅಂದಿದ್ರು. ಇದು ಗೊತ್ತಾದ್ರ ಅವರೂ ಬ್ಯಾಡ ಅಂತಾರ."

"ಬಾಳ ಹೊತ್ತು ನೀರಾಗ ಇದ್ದೇನ?"

"ಗೊತ್ತಿಲ್ರಿ. ಕಾಲಿಗೆ ಹಗ್ಗ ಸುತ್ತಿತ್ತು. ಕಣ್ಣು ತಗಿಯಾಕ ಆಗವಲ್ದು. ಬೋಟಿನ ಸಪ್ಪಳ ಕೇಳಾಕತ್ತಿತ್ತು. ಬಂದ್ರು ಬಂದ್ರು ಅಂದ್ಕೊಂಡೆ. ಆಮ್ಯಾಲ ಅದು ದೂರ ಹೋತು." ಹುಡುಗಿ ಇದನ್ನು ಯಾವ ದೂರೂ ಇಲ್ಲದ ದನಿಯಲ್ಲಿ, ಬಸ್ಸು ತಪ್ಪಿದ ಸಂಗತಿ ಹೇಳುವಂತೆ ಹೇಳಿದಳು.

"ಮತ್ತ ನಾಳೆ ಹೋಗ್ತಿಯೇನು?"

"ಹೋಗ್ತೇನ್ರಿ. ನಾಳೆ ಬೋಟು ಇರ್ತೈತಲ್ರಿ."

ಪುಷ್ಪಲತಾ ಅರಳೆಯನ್ನು ತೆಗೆದುಕೊಂಡು ಬಟ್ಟಲಿನ ಹಾಲಿನಲ್ಲಿ ಮತ್ತೆ ಅದ್ದಿ, ಹಿಂಡಿ, ಹುಡುಗಿಯ ಕೈಗಿಟ್ಟಳು.

ಸಂಜೆಯ ಹೊತ್ತಿಗೆ ಅಬ್ದುಲಗನಿ ಮಗಳನ್ನು ಕರೆದೊಯ್ಯಲು ಬಂದ. ಲಾರಿ ಓಡಿಸುವವನು. ಗುಂಟೂರಿನಲ್ಲಿ ಮಾಲು ಇಳಿಸಿ ನೇರವಾಗಿ ಬಂದಿದ್ದ, ಮುಖದ ಮೇಲೆ ದಾರಿಯ ಧೂಳು ಹಾಗೇ ಇತ್ತು. ಮಗಳನ್ನು ನೋಡಿದವನೇ ಹುಬ್ಬು ಗಂಟಿಕ್ಕಿದ.

"ಕಣ್ಣ್ಯಾಕ ಹಿಂಗಾಗ್ಯಾವ?"

"ಖಾರಪುಡಿ ಬಿತ್ತಬ್ಬಾ. ಹಾಯಿ ಒರಸೂಮುಂದ." ಹುಡುಗಿ ಅಪ್ಪನ ಚೀಲವನ್ನು ತಾನೇ ತೆಗೆದುಕೊಂಡು ಬಾಗಿಲ ಕಡೆ ತಿರುಗಿದಳು.

ಪರಮೇಶಪ್ಪ ಅಷ್ಟರಲ್ಲಿ ಹೊರಗೆ ಬಂದ. ಊರಿಗೆಲ್ಲ ಬೇಕಾದ ಮನುಷ್ಯ, ಬಾಯ್ತುಂಬ ಮಾತು. ಗನಿಯ ಹೆಗಲ ಮೇಲೆ ಕೈಹಾಕಿದ.

"ಬಾರೋ ಗನೀ. ನಿನ್ನ ಮಗಳು ನಾಳೆ ಹೈದರಾಬಾದಿನವರನ್ನ ಹಿಂದ ಹಾಕ್ತಾಳ ನೋಡು. ಪೇಪರಿನಾಗ ಫೋಟೋ ಬರ್ತೈತಿ."

"ಫೋಟೋ ಬಿಡ್ರಿ ಸಾವಕಾರ್ರ. ನೀರು ಬಾಳ ಆಳ ಐತಿ ಅಂತಾರ. ನನಗ ಘಾಟಿನಾಗ ಬ್ರೇಕ್ ಹಿಡೀಲಿಲ್ಲಂದ್ರೂ ಅಂಜಿಕಿ ಆಗಂಗಿಲ್ಲ, ಇದಕ್ಕ ಅಂಜಿಕಿ ಆಗಾಕತ್ತೈತಿ."

"ಏ, ಎರಡು ಮೋಟಾರ್ ಬೋಟು ಅದಾವ. ಒಂದು ಆ ಕಡೆ, ಒಂದು ಈ ಕಡೆ. ಬಿದ್ದ ಮಕ್ಕಳಿಗೆ ತೊಟ್ಟಿಲದಾಗ ಬಿದ್ದಂಗ."

ಗನಿ ನಕ್ಕ. ಆದರೆ ಕಣ್ಣು ಪರಮೇಶಪ್ಪನ ಮೇಲಿರಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ ಪುಷ್ಪಲತಾಳ ಕಡೆ ತಿರುಗಿದ.

"ಹೌದೇನ್ರಿ ಅಕ್ಕಾರ?"

ದಿಲನಾಜ ಹೊಸ್ತಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ಗಂಡ ಮೀಸೆಯಡಿ ನಗುತ್ತಲೇ ಇದ್ದ.

"ಹೌದಪಾ" ಎಂದಳು ಪುಷ್ಪಲತಾ.

"ನೀವಂದ್ರ ಮುಗೀತು ಬಿಡ್ರಿ" ಎಂದು ಗನಿ ಮಗಳ ತಲೆಗೊಂದು ಸಣ್ಣಗೆ ತಟ್ಟಿ ಕರೆದುಕೊಂಡು ಹೊರಟ.

ಅವರು ಓಣಿಯ ತಿರುವು ದಾಟುವವರೆಗೆ ಆಕೆ ಅಲ್ಲೇ ನಿಂತಿದ್ದಳು. ಒಳಗೆ ಬಂದರೆ ಪರಮೇಶಪ್ಪ ಆಗಲೇ ಫೋನಿಗೆ ಹತ್ತಿದ್ದ. "ಬರ್ರಿ ಬರ್ರಿ ಬೀಗರ, ಹನ್ನೊಂದಕ್ಕ ಬಂದುಬಿಡ್ರಿ. ಬೋಟು ನಿಮಗಂತನ ನಿಲ್ಲಸಿರ್ತೇನಿ." ಫೋನು ಇಟ್ಟ ಮೇಲೆ ಆಕೆ ಕೇಳಿದಳು.

"ಗನಿಗೆ ಈಗ ಏನಂದ್ರಿ?"

"ಏನಂದೆ? ಎರಡು ಬೋಟು ಅದಾವ ಅಂದೆ. ಇಲ್ಲೇನು?"

"ಬೀಗರಿಗೆ?"

"ಅದೂ ಖರೇನ. ಬರೂದ ಬರ್ತಾರ, ಎರಡು ಸುತ್ತು ಹೊಡಿಸಿ ಬಿಟ್ರ ಮುಗೀತು. ತಹಶೀಲ್ದಾರ ಸಾಹೇಬರ ಮನ್ಯಾಗಿನವರೂ ಕೇಳ್ಯಾರ. ಅರ್ಧಾ ತಾಸಿನ ಮಾತು."

"ಇವತ್ತೂ ಅರ್ಧಾ ತಾಸ ಆಗಿತ್ತು."

ಆತನ ಮುಖ ಸ್ವಲ್ಪ ಗಂಭೀರವಾಯಿತು. ದನಿ ಏರಿಸುವ ಮನುಷ್ಯನಲ್ಲ. ಪಕ್ಕಕ್ಕೆ ಬಂದು ಮೆಲ್ಲಗೆ ಅಂದ: "ನೋಡು, ಹಾಯಿ ಗೋದಾಮಿನಾಗ ಇಡಸಿದಾಕಿ ನೀನು. ನಾ ಯಾರ ಮುಂದಾದ್ರೂ ಆಡೇನೇನು? ಆಡಿಲ್ಲ, ಆಡೂದೂ ಇಲ್ಲ. ನೀನೂ ಒಂದೆರಡು ದಿನ ಸುಮ್ಮಕಿರು. ಬೇಕಾದ್ರ ಬೀಗರಿಗೆ ನೀನ ಫೋನ್ ಮಾಡಿ ಬರಬ್ಯಾಡ್ರಿ ಅನ್ನು. ನನಗಂತೂ ಬಾಯಿ ಬರಂಗಿಲ್ಲ."

ಅದು ನಿಜ. ಆ ಬಾಯಿಗೆ ಇಲ್ಲ ಎಂಬ ಮಾತೇ ಬರುತ್ತಿರಲಿಲ್ಲ. ಒಂದೇ ಟೆಂಪೋವನ್ನು ಒಂದೇ ದಿನ ಎರಡು ಮದುವೆಗಳಿಗೆ ಒಪ್ಪಿಕೊಂಡವನು. ಒಂದೇ ಕೋಣೆಗೆ ಎರಡು ಕುಟುಂಬಗಳನ್ನು ಕರೆದವನು. ಅಂಥ ರಾತ್ರಿಗಳಲ್ಲಿ ಪುಷ್ಪಲತಾ ತನ್ನ ಹಾಸಿಗೆ ಎತ್ತಿ ಕೊಟ್ಟು, ಅಡುಗೆಮನೆಯಲ್ಲಿ ಚಾಪೆ ಹಾಕಿಕೊಳ್ಳುತ್ತಿದ್ದಳು. ಆತ ಮಾತು ಕೊಡುತ್ತಿದ್ದ, ಆಕೆ ಜಾಗ ಮಾಡುತ್ತಿದ್ದಳು. ಯಾರಿಗೂ ನೋವಾಗುತ್ತಿರಲಿಲ್ಲ. ಎಂಥ ಸಂಸಾರ ಎಂದು ಬಂದವರು ಹೊಗಳಿ ಹೋಗುತ್ತಿದ್ದರು.

ಇನ್ನೊಂದು ಮೋಟಾರ್ ಬೋಟು ಎಲ್ಲಾದರೂ ಸಿಕ್ಕೀತೇ ಎಂದು ಆಕೆ ಗೊತ್ತಿದ್ದ ಕಡೆಗೆಲ್ಲ ಕೇಳಿದಳು. ಹೊಳೆಯ ಕಡೆಯವರು ತೆಪ್ಪ ಕಳಿಸುತ್ತೇವೆ ಎಂದರು. ಆ ಗಾಳಿಗೆ ತೆಪ್ಪ ತನ್ನನ್ನು ತಾನು ಕಾಯ್ದುಕೊಂಡರೆ ಸಾಕು. ಕೊನೆಗೆ ಮಗಳಿಗೆ ಫೋನ್ ಮಾಡಿದಳು.

"ಭುವೀ, ನಿಮ್ಮ ಮಾವಾರು ನಾಳೆ ಬೋಟು ಹತ್ತೂದು ಬ್ಯಾಡ ಆಗಿತ್ತವಾ. ನೀ ಹೆಂಗರ ಮಾಡಿ..."

"ಅವ್ವಾ!" ಭುವನಾ ದನಿ ತಗ್ಗಿಸಿದಳು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. "ನಿನಗ ಗೊತ್ತಿಲ್ಲ. ಅವರು ಬಂದಾಗಿಂದ ಫೋಟೋ ತೋರಿಸಿದ್ದ ತೋರಿಸಿದ್ದು. ನಾಳೆ ತಮ್ಮನ ಮನಿಯವರನ್ನೂ ಕರಕೊಂಡು ಹೊಂಟಾರ. ಈಗ ಬ್ಯಾಡ ಅಂದ್ರ, ನಿಮ್ಮಪ್ಪನ ಮಾತು ಇಷ್ಟ ನೋಡು ಅಂತಾರ. ಅದನ್ನ ಇಲ್ಲಿ ಕುಂತು ಕೇಳಾಕಿ ನಾನು."

"ಒಂದು ಹುಡುಗಿ ಮುಳುಗಿತ್ತು ಭುವೀ."

"ಈಗ ಆರಾಮ ಅದಾಳಲ್ಲ?"

"ಅದಾಳ."

"ಮತ್ತ? ಅಪ್ಪಾ ಏನರ ಮಾಡ್ತಾನ ಬಿಡವ್ವಾ. ನೀ ಎಲ್ಲಾನೂ ತಲಿಮ್ಯಾಲ ಹೊತ್ಕೊಬ್ಯಾಡ."

ಆಕೆ ಫೋನು ಇಟ್ಟು ಬಾಳೆ ಎಲೆಗಳನ್ನು ಒರೆಸಲು ಕೂತಳು. ಒರೆಸಿದ ಎಲೆಯನ್ನೇ ಮತ್ತೆ ಒರೆಸುತ್ತಿದ್ದುದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು. ಮೋಟಾರಿನ ಸದ್ದು ಹತ್ತಿರ ಬಂದಂತಾಗಿ ದೂರ ಹೋಗುವುದನ್ನು ನೀರಿನೊಳಗಿನಿಂದ ಕೇಳುವುದು ಹೇಗಿರುತ್ತದೆ ಎಂದು ಯೋಚಿಸಲು ನೋಡಿದಳು. ಆಗಲಿಲ್ಲ. ಆಕೆಗೆ ಈಜು ಬರದು. ಚಿಕ್ಕವಳಿದ್ದಾಗ ಅಣ್ಣಂದಿರು ಹೊಳೆಗೆ ಇಳಿಯುವಾಗ ಆಕೆ ದಂಡೆಯಲ್ಲಿ ಅವರ ಅಂಗಿಗಳನ್ನು ಕಾಯುತ್ತ ಕೂತಿರುತ್ತಿದ್ದಳು.

ಶನಿವಾರ ಬೆಳಕು ಹರಿಯುವಾಗಲೇ ಗಾಳಿ ಎದ್ದಿತ್ತು. ಹಿತ್ತಲ ಬಾಳೆಗಿಡಗಳು ಒಂದೇ ಕಡೆಗೆ ವಾಲಿ ಏಳುತ್ತಿದ್ದವು. ಉಪ್ಪಿಟ್ಟಿನ ಡಬರಿ, ಮೊಸರಿನ ಕ್ಯಾನು, ಚಹಾದ ಫ್ಲಾಸ್ಕು ಎಲ್ಲವನ್ನೂ ಪಡಸಾಲೆಯಲ್ಲಿ ಸಾಲಾಗಿ ಇಡಿಸಿ ಆಕೆ ಸ್ನಾನ ಮುಗಿಸಿ ಬಂದಳು. ಮಂಚದ ಮೇಲೆ ಪರಮೇಶಪ್ಪ ತಂದ ಹೊಸ ಇಳಕಲ್ ಸೀರೆ ಕಾದಿತ್ತು. ಹೊರಗಿನಿಂದ ಆತನ ದನಿ ಬಂತು.

"ಲಗೂ ಆಗಲಿ. ಆರತಿ ಮುಗಿದ ಕೂಡ್ಲೆ ಮುಂದಿನ ಸಾಲಿನಾಗ ಬೀಗರ ಮಗ್ಗಲದ ಕುರ್ಚಿ ನಿಂದು."

ಮಗ್ಗಲ ಕುರ್ಚಿ. ಸೀರೆಯ ನೆರಿಗೆ ಹಿಡಿಯಲು ಹೋದ ಆಕೆಯ ಕೈ ಅಲ್ಲೇ ನಿಂತಿತು.

ಸಿದ್ದಲಿಂಗಪ್ಪನವರು ಬೀಗತಿಯ ಮಗ್ಗಲಿಗೆ ಕೂಡುವವರೇ ಅಲ್ಲ. ಎಷ್ಟೇ ಕಾರು, ಫೋಟೋ ಎಂದು ಓಡಾಡಿದರೂ ಬೀಗತನದ ವಿಷಯದಲ್ಲಿ ಹಳೆಯ ಕಾಲದ ಮನುಷ್ಯ. ಭುವನಾಳನ್ನು ಕಳಿಸಿಕೊಡಲು ಹೋದ ದಿನ, ಕಾರಿನ ಹಿಂದಿನ ಸೀಟಿನಲ್ಲಿ ಬೀಗತಿ, ಅಂದರೆ ಪುಷ್ಪಲತಾ, ಕೂತಿದ್ದಾಳೆಂದು, ಮುಂದೆ ಜಾಗವಿಲ್ಲವೆಂದು, ಬಿಸಿಲಲ್ಲಿ ಬಸ್ಸು ಹಿಡಿದು ಹೋಗಿದ್ದರು. ಕಾರು ನಿಲ್ಲಿಸಿ ಎಷ್ಟು ಕರೆದರೂ ಬರಲಿಲ್ಲ. "ಬೀಗತ್ಯಾರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಂದ್ರಾಕ ಬರ್ತೈತೇನ್ರಿ" ಎಂದಿದ್ದರಂತೆ. ಮೊದಲೇ ಕೂತ ಬೀಗತಿಗೆ ಇಳಿಯಿರಿ ಎಂದು ಹೇಳುವುದಂತೂ ಸತ್ತರೂ ಅವರಿಂದಾಗದ ಮಾತು. ಅವರು ಹತ್ತದ ಬೋಟನ್ನು ಅವರೆದುರಿಗೆ ಸಾಹೇಬರ ಮನೆಯವರಿಗೆ ಕೊಡುವುದು ಪರಮೇಶಪ್ಪನಿಂದಲೂ ಆಗದು.

ಪುಷ್ಪಲತಾ ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ನೆಲ ನೋಡಿದಳು. ಎರಡನೆಯ ಬೋಟಿನಲ್ಲಿ ದೋಣಿಗಳ ಮೇಲೆ ಕಣ್ಣಿಟ್ಟು ಕೂಡುವವರ ಜಾಗ ಇನ್ನೂ ಖಾಲಿಯಿತ್ತು. ಇವತ್ತು ಇಡೀ ದಿನ. ನಾಳೆ ಇಡೀ ದಿನ. ಕೆಳಗೆ ಅಷ್ಟು ನೀರು.

"ನೀವು ಮುಂದ ನಡೀರಿ" ಎಂದು ಕೂಗಿ ಹೇಳಿದಳು. "ನಾ ಚಹಾದ ಗಾಡ್ಯಾಗ ಬರ್ತೇನಿ."

"ಆರತಿ ತಾಟು?"

"ಜಯವ್ವ ತಗೊಂಡು ಬರ್ತಾಳ."

ಕಾರು ಹೊರಟ ಸದ್ದು ಕೇಳಿದ ಮೇಲೆ ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ಭುವನಾ ಬಿಟ್ಟುಹೋದ ಬಟ್ಟೆಗಳಲ್ಲಿ ಒಂದು ಸಡಿಲ ಚೂಡಿದಾರ ಸಿಕ್ಕಿತು. ಪಡಸಾಲೆಯ ಮೂಲೆಯಲ್ಲಿ ಉಳಿದಿದ್ದ ಲೈಫ್ ಜಾಕೆಟ್ಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ತಂದು, ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ತೊಟ್ಟು ನೋಡಿದಳು. ಕೆಳಗಿನ ಎರಡು ಪಟ್ಟಿ ಕೂಡಿಕೊಂಡವು. ಎದೆಯ ಮೇಲಿನದು ಕೂಡಲಿಲ್ಲ. ಉಸಿರು ಹಿಡಿದು ಎಳೆದಳು, ಆಗಲಿಲ್ಲ. ಪಟ್ಟಿಯನ್ನು ಸ್ವಲ್ಪ ಸಡಿಲಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟಳು. ಬಕಲು ಟಕ್ಕನೆ ಕೂತಿತು.

ಹೊರಗೆ ಚಹಾದ ಗಾಡಿ ಬಂದು ಹಾರ್ನು ಹೊಡೆಯಿತು. ಜಯವ್ವ ಪಾತ್ರೆಗಳನ್ನು ಎತ್ತಿಡುತ್ತ ಯಾರನ್ನೋ ಬಯ್ಯುತ್ತಿದ್ದಳು. ಪುಷ್ಪಲತಾ ಜಾಕೆಟ್ಟಿನ ಮೇಲೆ ದೊಡ್ಡ ಓಡಣಿ ಹೊದ್ದುಕೊಂಡು, ಕೈಬಳೆಗಳನ್ನು ಮೊಣಕೈಯವರೆಗೆ ಬಿಗಿಯಾಗಿ ಏರಿಸಿ, ಬಾಗಿಲು ತೆಗೆದಳು.